ಮೂರು ತಲೆಮಾರಿಗೆ ಒಂದೇ ಎಲೆಕ್ಟ್ರಿಕ್ ಟೂತ್‌ಬ್ರಷ್: ಆರು ತಿಂಗಳ ಅನುಭವ

ಆರು ತಿಂಗಳಿಂದ ನಮ್ಮ ಮನೆಯ ಮೂರು ತಲೆಮಾರಿನವರೂ, ಬ್ರಷ್ ಹೆಡ್ ಮಾತ್ರ ಬೇರೆ ಬೇರೆ ಇಟ್ಟುಕೊಂಡು, ಒಂದೇ ಎಲೆಕ್ಟ್ರಿಕ್ ಟೂತ್‌ಬ್ರಷ್ ಬಳಸುತ್ತಿದ್ದೇವೆ. ಎರಡು ನಿಮಿಷದ ಟೈಮರ್ ಇದರ ದೊಡ್ಡ ಗುಣ. 30 ಸೆಕೆಂಡಿಗೊಮ್ಮೆ ಅದು ಕ್ಷಣಕಾಲ ತಡವರಿಸುವುದರಿಂದ, ಬಾಯಿಯ ಇನ್ನೊಂದು ಭಾಗಕ್ಕೆ ಹೋಗಬೇಕೆಂದು ಐದು ವರ್ಷದ ಮಗಳಿಗೂ ತಿಳಿಯುತ್ತದೆ. ಆದರೂ ಅವಳ ದವಡೆ ಹಲ್ಲುಗಳ ಹಿಂಬದಿಯನ್ನು ನಾನೇ ಉಜ್ಜುತ್ತೇನೆ, ಏಕೆಂದರೆ ಏಳೆಂಟು ವರ್ಷದವರೆಗೆ ಮಕ್ಕಳ ಕೈಗೆ ಆ ಹಿಡಿತ ಬಂದಿರುವುದಿಲ್ಲ. ಅವಳಿಗೆ ಫ್ಲೋರೈಡ್ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಮೂರು ವರ್ಷದೊಳಗಿನವರಿಗಾದರೆ ಅಕ್ಕಿಕಾಳಿನಷ್ಟು.

ನನಗೆ ಎಲ್ಲಕ್ಕಿಂತ ಉಪಕಾರವಾದದ್ದು ಒತ್ತಡ ಹೆಚ್ಚಿದಾಗ ಹೊತ್ತಿಕೊಳ್ಳುವ ಕೆಂಪು ದೀಪ. ಗಟ್ಟಿಯಾಗಿ ತಿಕ್ಕಿದರೆ ಹಲ್ಲು ಬೆಳ್ಳಗಾಗುತ್ತದೆಂದು ನಂಬಿ ವರ್ಷಗಟ್ಟಲೆ ಉಜ್ಜಿದ ಕಾರಣ, ಕೋರೆಹಲ್ಲಿನ ಬುಡದಲ್ಲಿ ವಸಡು ಹಿಂದೆ ಸರಿದು, ತಣ್ಣೀರು ತಾಗಿದರೆ ಜುಮ್ಮೆನ್ನುತ್ತಿತ್ತು. ಮೊದಲ ವಾರ ದೀಪ ಆರಿದ್ದೇ ಕಡಿಮೆ. ಈಗ ಹೊತ್ತುವುದೇ ಅಪರೂಪ.

ಸಂಧಿವಾತದಿಂದ ಬೆರಳು ಸರಿಯಾಗಿ ಮಡಚಲಾಗದ ಅಮ್ಮನಿಗೆ ಇದರ ದಪ್ಪ ಹಿಡಿ ಹಿತವಾಗಿದೆ. ಆದರೆ ಗುಂಡಿ ತೀರಾ ಬಿಗಿಯಾಗಿದ್ದು, ಒದ್ದೆ ಕೈಯಲ್ಲಿ ಒತ್ತಲು ಅವರು ಎರಡೂ ಹೆಬ್ಬೆರಳು ಬಳಸಬೇಕಾಗುತ್ತದೆ. ವಯಸ್ಸಾದವರ ದೃಷ್ಟಿಯಿಂದ ಇದನ್ನು ನಾನು ನಿಜವಾದ ಕೊರತೆಯೆಂದೇ ಎಣಿಸುತ್ತೇನೆ. ಮೂರು ತಿಂಗಳಿಗೊಮ್ಮೆ ಹೆಡ್ ಬದಲಿಸಬೇಕು, ಎಳೆಗಳು ಬಾಗಿದರೆ ಅದಕ್ಕೂ ಮೊದಲೇ.