ಹಳೆಯ ಹಾಯಿದೋಣಿಯ ಮಾಸ್ಟ್ ತಂತಿ ಬದಲಿಸುವಾಗ: ಸ್ವೇಜ್, ಬಿಚ್ಚುವ ಟರ್ಮಿನಲ್, ಡೈನೀಮಾ

1970–80ರ ದಶಕದ, 25ರಿಂದ 30 ಅಡಿಯ ಫೈಬರ್‌ಗ್ಲಾಸ್ ಹಾಯಿದೋಣಿಯ ರಿಗ್ಗಿಂಗ್ (ಮಾಸ್ಟ್ ಎಂಬ ಹಾಯಿಕಂಬವನ್ನು ಹಿಡಿದು ನಿಲ್ಲಿಸುವ ತಂತಿಗಳು) ಬದಲಿಸಲು ಹೊರಟವರು ಮೊದಲು ಕೇಳುವುದು ತಂತಿ ಎಷ್ಟು ಭಾರ ತಾಳುತ್ತದೆ ಎಂದು. ಅದಕ್ಕೆ ಉತ್ತರ ಸುಲಭ. 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನ 1×19 ತಂತಿ 5 ಮಿ.ಮೀ. ದಪ್ಪದಲ್ಲಿ ಸುಮಾರು 1.8 ಟನ್, 6 ಮಿ.ಮೀ.ನಲ್ಲಿ ಸುಮಾರು 2.6 ಟನ್ ತಾಳುತ್ತದೆ. ಆದರೆ ತಂತಿ ನಡುಮಧ್ಯದಲ್ಲಿ ತುಂಡಾಗುವುದು ತೀರ ಅಪರೂಪ. ಮಾಸ್ಟ್ ಬೀಳುವುದು ತುದಿ ಕೈಕೊಟ್ಟಾಗ: ತಂತಿಯ ತುದಿಗೆ ಕೂರಿಸುವ ಲೋಹದ ಟರ್ಮಿನಲ್ ಒಳಗೆ, ಟರ್ಮಿನಲ್ ಬಾಯಲ್ಲಿ, ಇಲ್ಲವೇ ತಂತಿಯನ್ನು ದೋಣಿಯ ಮೈಗೆ ಹಿಡಿಸಲು ಡೆಕ್ ದಾಟುವ ಲೋಹದ ಪಟ್ಟಿಯಾದ ಚೈನ್‌ಪ್ಲೇಟ್‌ನಲ್ಲಿ. ಹಾಗಾಗಿ ಸ್ವೇಜ್, ಬಿಚ್ಚುವ ಟರ್ಮಿನಲ್, ಡೈನೀಮಾ ಹಗ್ಗ ಈ ಮೂರೂ ಬಗೆಗಳನ್ನು ಹಾಕಿ ಬಳಸಿದ ಮೇಲೆ ನಾವು ಹೋಲಿಸುತ್ತಿರುವುದು ತುದಿಗಳನ್ನೇ.

ಮೊದಲು ತಂತಿಯ ವಿಷಯ ಮುಗಿಸಿಬಿಡೋಣ. 1×19 ಅಂದರೆ ನಡುವೆ ಒಂದು ಎಳೆ, ಅದರ ಸುತ್ತ 6, ಅದರ ಹೊರಗೆ 12. 304 ದರ್ಜೆಯದು 316ಕ್ಕಿಂತ ತುಸು ಗಟ್ಟಿ, ಆದರೆ ಬೇಗ ಕಂದುಗಟ್ಟುತ್ತದೆ. ಕಾರವಾರದಿಂದ ಮುಂಬೈವರೆಗಿನ ಬಿಸಿ ಉಪ್ಪುಗಾಳಿಯಲ್ಲಿ ನಿಲ್ಲುವ ದೋಣಿಗೆ 316 ಬಿಟ್ಟು ಬೇರೆ ಯೋಚಿಸಬೇಡಿ. ಹಳೆಯ ತಂತಿಯ ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಅಮೆರಿಕದ ದೋಣಿಗಳಲ್ಲಿ ಅದು ಇಂಚಿನ ಲೆಕ್ಕದ್ದು: 3/16 ಇಂಚು ಅಂದರೆ 4.76 ಮಿ.ಮೀ. ಅದಕ್ಕೆ 5 ಮಿ.ಮೀ. ತಂತಿ ತಂದರೆ ಹಳೆಯ ಟರ್ಮಿನಲ್‌ಗೆ ಹಿಡಿಸುವುದಿಲ್ಲ.

ಸ್ವೇಜ್ ಟರ್ಮಿನಲ್ ಕಾರ್ಖಾನೆಯಿಂದಲೇ ಬಂದ ಪದ್ಧತಿ. ಸ್ಟೇನ್‌ಲೆಸ್ ಕೊಳವೆಯೊಳಗೆ ತಂತಿ ತೂರಿಸಿ ಯಂತ್ರದಲ್ಲಿ ಅದುಮಿ ಒಂದಾಗಿಸುತ್ತಾರೆ. ತೆಳ್ಳಗೆ, ಅಗ್ಗ, ಹಾಯಿಗೆ ಸಿಕ್ಕಿಕೊಳ್ಳುವುದಿಲ್ಲ. ಯಂತ್ರ ಚೆನ್ನಾಗಿದ್ದರೆ ತಂತಿಯಷ್ಟೇ ಗಟ್ಟಿ. ಹೊಸದಾಗಿದ್ದಾಗ ಇದಕ್ಕಿಂತ ಒಳ್ಳೆಯದು ಬೇಡ. ಸಮಸ್ಯೆ ಆಮೇಲಿನದು. ಕೆಳತುದಿಯ ಸ್ವೇಜ್‌ನ ಬಾಯಿ ಮೇಲ್ಮುಖವಾಗಿರುತ್ತದೆ. ತಂತಿಯ ಸುರುಳಿ ಹಿಡಿದು ಇಳಿದ ಉಪ್ಪುನೀರು ಎಳೆಗಳ ನಡುವಿನ ಸಂದಿಗೆ ಸೇರಿ ಅಲ್ಲೇ ನಿಲ್ಲುತ್ತದೆ. ಸ್ಟೇನ್‌ಲೆಸ್ ತನ್ನ ಮೇಲಿನ ಕಾಪು ಪದರವನ್ನು ಉಳಿಸಿಕೊಳ್ಳಲು ಆಮ್ಲಜನಕ ಬೇಕು. ಸಂದಿಯಲ್ಲಿ ಅದು ಸಿಗದೆ, ಕ್ಲೋರೈಡ್ ಮಾತ್ರ ಇದ್ದಾಗ ಲೋಹ ಒಳಗಿಂದ ತಿನ್ನಿಸಿಕೊಳ್ಳುತ್ತದೆ. ಹೊರಗೆ ಕಾಣುವುದು ಬಾಯಿಯ ಬಳಿ ಕಂದು ಕಲೆ, ನಂತರ ಉದ್ದಕ್ಕೆ ಕೂದಲೆಳೆಯ ಬಿರುಕು. ಮೇಲ್ತುದಿಯ ಸ್ವೇಜ್ ತಲೆಕೆಳಗಾಗಿರುವುದರಿಂದ ನೀರು ನಿಲ್ಲುವುದಿಲ್ಲ, ಅದೇ ದೋಣಿಯಲ್ಲಿ ಎಷ್ಟೋ ಹೆಚ್ಚು ಬಾಳುತ್ತದೆ.

ಪರೀಕ್ಷೆ ಹೀಗೆ: ಮೆಟಲ್ ಪಾಲಿಷ್ ಹಾಕಿ ಸ್ವೇಜ್ ಹೊಳೆಯುವವರೆಗೆ ಉಜ್ಜಿ, 10 ಪಟ್ಟಿನ ಭೂತಗನ್ನಡಿಯಲ್ಲಿ ಸುತ್ತಲೂ ನೋಡಿ. ಅನುಮಾನ ಬಂದರೆ ವರ್ಕ್‌ಶಾಪ್‌ಗಳಲ್ಲಿ ವೆಲ್ಡಿಂಗ್ ಪರೀಕ್ಷೆಗೆ ಬಳಸುವ ಡೈ ಪೆನೆಟ್ರಂಟ್ ಡಬ್ಬಿಗಳು ಸಾಕು. ಕೆಂಪು ಬಣ್ಣ ಸಿಂಪಡಿಸಿ, 10–15 ನಿಮಿಷ ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹಾಕಿದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ತಂತಿಯ ಮೇಲೆ ಹಳೆಯ ಬಟ್ಟೆ ಎಳೆದು ನೋಡಿ, ನೂಲು ಸಿಕ್ಕಿಕೊಂಡರೆ ಎಳೆ ಮುರಿದಿದೆ. ಒಂದು ಎಳೆ ಮುರಿದಿದ್ದರೂ ಆ ತಂತಿ ಮುಗಿಯಿತು, ಅದರ ಜೊತೆ ಹಾಕಿದ ಉಳಿದವೂ ಅದೇ ವಯಸ್ಸಿನವು ಎಂಬುದನ್ನು ಮರೆಯಬೇಡಿ. ಬಾಳೆಹಣ್ಣಿನಂತೆ ಬಾಗಿದ ಸ್ವೇಜ್ ಹೊಸದಾಗಿ ಬಂದರೂ ವಾಪಸ್ ಕಳಿಸಿ. ಹೊಸ ಸ್ವೇಜ್ ಬಾಯಿಗೆ ಲ್ಯಾನೊಲಿನ್ (ಕುರಿ ಉಣ್ಣೆಯ ಜಿಡ್ಡು) ಬಿಸಿ ಮಾಡಿ ಇಳಿಸುವುದು ಒಳ್ಳೆಯ ಅಭ್ಯಾಸ. ಹಳೆಯದಕ್ಕೆ ಅದನ್ನು ಮಾಡಿದರೆ ಒಳಗಿರುವ ಉಪ್ಪುನೀರಿಗೇ ಮುಚ್ಚಳ ಹಾಕಿದಂತೆ.

ಇದಕ್ಕೆ ಎದುರಾಗಿ ನಿಲ್ಲುವುದು ಬಿಚ್ಚಿ ಕಟ್ಟಬಹುದಾದ ಟರ್ಮಿನಲ್: ಸ್ಟಾ-ಲಾಕ್, ನಾರ್ಸ್‌ಮನ್, ಹೈ-ಮಾಡ್ ಹೆಸರಿನವು. ಬೆಲೆ ಸ್ವೇಜ್‌ಗಿಂತ ಸಾಕಷ್ಟು ಹೆಚ್ಚು. ಆದರೆ ಯಂತ್ರ ಬೇಡ, ಎರಡು ಸ್ಪ್ಯಾನರ್ ಮತ್ತು ವೈಸ್ ಇದ್ದರೆ ದೋಣಿಯ ಮೇಲೆಯೇ ಆಗುತ್ತದೆ. ಸ್ವೇಜ್ ತಂತಿಯನ್ನು ಪಿನ್ನಿಂದ ಪಿನ್ನಿಗೆ ಅಳೆದು ಕಳಿಸಿ, ಎರಡು ಸೆಂಟಿಮೀಟರ್ ತಪ್ಪಾಗಿ ಬಂದರೆ ಸರಿಮಾಡಲು ದಾರಿಯಿಲ್ಲ. ಇಲ್ಲಿ ಮಾಸ್ಟ್ ನಿಲ್ಲಿಸಿ, ಟರ್ನ್‌ಬಕಲ್ (ತಿರುಗಿಸಿ ತಂತಿ ಬಿಗಿ ಮಾಡುವ ತಿರುಪು) ಅರ್ಧ ತೆರೆದಿಟ್ಟು, ತಂತಿಯನ್ನು ಪಕ್ಕದಲ್ಲಿ ಹಿಡಿದು ಅಲ್ಲೇ ಗುರುತು ಮಾಡಿ ಕತ್ತರಿಸಬಹುದು.

ಸ್ಟಾ-ಲಾಕ್ ಕಟ್ಟುವ ಕ್ರಮ ಹೇಳುತ್ತೇವೆ. ಕತ್ತರಿಸುವ ಜಾಗಕ್ಕೆ ಟೇಪ್ ಬಿಗಿಯಾಗಿ ಸುತ್ತಿ, ಸಣ್ಣ ಹಲ್ಲಿನ ಹ್ಯಾಕ್‌ಸಾ ಅಥವಾ ಗ್ರೈಂಡರಿನ ತೆಳು ಚಕ್ರದಲ್ಲಿ ನೇರವಾಗಿ ಕತ್ತರಿಸಿ. ಬೋಲ್ಟ್ ಕಟರ್ ಬೇಡ, ತುದಿ ಚಪ್ಪಟೆಯಾಗುತ್ತದೆ. ಹೊರ ಕೊಳವೆಯಾದ ಸಾಕೆಟನ್ನು ಮೊದಲೇ ತಂತಿಗೆ ಪೋಣಿಸಿಕೊಳ್ಳಿ. ಹೊರಗಿನ 12 ಎಳೆಗಳನ್ನು ಬಿಡಿಸಿ, ಒಳಗಿನ 7 ಎಳೆಗಳ ಗುಂಪಿಗೆ ಸೀಳಿರುವ ಬೆಣೆಯನ್ನು ತೂರಿಸಿ, ಗುಂಪಿನ ತುದಿ ಬೆಣೆಯಾಚೆ ಸುಮಾರು 1.5 ಮಿ.ಮೀ. ಕಾಣುವಂತೆ ನಿಲ್ಲಿಸಿ. ಹೊರ ಎಳೆಗಳನ್ನು ಅವುಗಳ ಸುರುಳಿಗೇ ಮರಳಿಸಿ ಬೆಣೆಯ ಸುತ್ತ ಸಮನಾಗಿ ಹಂಚಿ, ಸಾಕೆಟನ್ನು ಮೇಲಕ್ಕೆಳೆದುಕೊಳ್ಳಿ. ಇಲ್ಲಿಯೇ ಹೆಚ್ಚು ಜನ ಎಡವುವುದು: ಒಂದು ಎಳೆ ಬೆಣೆಯ ಸೀಳಿನೊಳಗೆ ಜಾರಿಬಿಡುತ್ತದೆ. ಆಗ ಬೆಣೆ ಮುಚ್ಚಿಕೊಳ್ಳದೆ ಒಳ ಎಳೆಗಳ ಹಿಡಿತ ಸಡಿಲಾಗುತ್ತದೆ. ಪಿನ್ ಹೋಗುವ ಕಣ್ಣಿನ ತುಂಡಿನೊಳಗೆ ಫಾರ್ಮರ್ ಎಂಬ ಪುಟ್ಟ ಬಟ್ಟಲು ಇಟ್ಟು ತಿರುಗಿಸಿ ಬಿಗಿ ಮಾಡಿದರೆ ಎಳೆಗಳ ತುದಿ ಬೆಣೆಯ ಮೇಲೆ ಒಳಕ್ಕೆ ಬಾಗುತ್ತವೆ. ಮತ್ತೆ ಬಿಚ್ಚಿ ನೋಡಿ. ಹನ್ನೆರಡೂ ಸಮ ಅಂತರದಲ್ಲಿ ಬಾಗಿರಬೇಕು, ಯಾವುದೂ ಇನ್ನೊಂದರ ಮೇಲೆ ಏರಿರಬಾರದು. ಸರಿಯಿದ್ದರೆ ಒಳಗೆ ಸೀಲಂಟ್ ತುಂಬಿ, ಥ್ರೆಡ್‌ಗೆ ಒಂದೆರಡು ಹನಿ ಥ್ರೆಡ್-ಲಾಕ್ ಹಾಕಿ ಕೊನೆಯ ಬಿಗಿ. ತಂತಿ ಹೊರಬರುವ ಬಾಯಲ್ಲಿ ಸೀಲಂಟ್ ಉಕ್ಕಬೇಕು; ಉಕ್ಕದಿದ್ದರೆ ನೀರಿಗೆ ಜಾಗ ಉಳಿದಿದೆ ಎಂದರ್ಥ. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಬಲ ಹಾಕಬೇಡಿ. ಸ್ಟೇನ್‌ಲೆಸ್ ಥ್ರೆಡ್ ಒಂದಕ್ಕೊಂದು ಕಚ್ಚಿಕೊಂಡರೆ ಮತ್ತೆ ಬಿಚ್ಚಲಾಗದು. ಮುಂದೆ ತಂತಿ ಬದಲಿಸಿದಾಗ ಸಾಕೆಟ್, ಕಣ್ಣು ಮತ್ತೆ ಬರುತ್ತವೆ, ಬೆಣೆ ಮಾತ್ರ ಹೊಸದು ಹಾಕಲೇಬೇಕು.

ಎರಡರ ನಡುವೆ ನಮ್ಮ ತೀರ್ಮಾನ ಸ್ಪಷ್ಟ. ಮೇಲ್ತುದಿಗೆ ಸ್ವೇಜ್, ಕೆಳತುದಿಗೆ ಬಿಚ್ಚುವ ಟರ್ಮಿನಲ್. ನೀರು ನಿಲ್ಲದ ಕಡೆ ಅಗ್ಗದ್ದು ಸಾಕು, ನೀರು ನಿಲ್ಲುವ ಕಡೆ ತೆರೆದು ನೋಡಬಹುದಾದದ್ದು ಬೇಕು. ತಂತಿಯ ಉದ್ದವನ್ನೂ ಕೊನೆಗೆ ದೋಣಿಯ ಮೇಲೇ ಗೊತ್ತುಮಾಡಬಹುದು.

ಬಹಳ ಗಟ್ಟಿಯಾದ ಪಾಲಿಥೀನ್ ನೂಲಿನ ಡೈನೀಮಾ ಹಗ್ಗದ ಪರವಾಗಿ ಹೇಳಲು ಬಹಳ ಇದೆ. ಬಿಸಿ ಕೊಟ್ಟು ಎಳೆದು ಬಿಗಿಗೊಳಿಸಿದ ಬಗೆ 5 ಮಿ.ಮೀ.ನಲ್ಲೇ ಅಷ್ಟೇ ದಪ್ಪದ ಉಕ್ಕಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ತಾಳುತ್ತದೆ. ಆದರೆ ಆ ಅಂಕಿ ನಂಬಿ 5 ಮಿ.ಮೀ. ಹಾಕುವವರು ಮೋಸಹೋಗುತ್ತಾರೆ. ಸದಾ ಭಾರ ಹೊತ್ತ ಡೈನೀಮಾ ನಿಧಾನವಾಗಿ ಶಾಶ್ವತವಾಗಿಯೇ ಉದ್ದವಾಗುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. ಇದನ್ನು ತಡೆಯಲು 5 ಮಿ.ಮೀ. ತಂತಿಯ ಜಾಗಕ್ಕೆ 7 ಮಿ.ಮೀ. ಹಗ್ಗ ಹಾಕುತ್ತೇವೆ. ಆಗಲೂ ತೂಕ ಮೀಟರಿಗೆ ಸುಮಾರು 30 ಗ್ರಾಂ. ಉಕ್ಕಿನದು 120 ಗ್ರಾಂ. ಮಾಸ್ಟಿನ ಮೇಲ್ಭಾಗದ ತೂಕ ಇಳಿದಷ್ಟೂ ದೋಣಿ ಕಡಿಮೆ ವಾಲುತ್ತದೆ.

ಇನ್ನೊಂದು ಲೆಕ್ಕವನ್ನು ಮಾರುವವರು ಹೇಳುವುದೇ ಇಲ್ಲ. 10 ಮೀಟರ್ ಅಲ್ಯೂಮಿನಿಯಂ ಮಾಸ್ಟ್ 20 ಡಿಗ್ರಿ ಬಿಸಿಯೇರಿದರೆ ಸುಮಾರು 4.6 ಮಿ.ಮೀ. ಬೆಳೆಯುತ್ತದೆ. ಉಕ್ಕಿನ ತಂತಿಯೂ ಜೊತೆಗೇ ಸುಮಾರು 3.2 ಮಿ.ಮೀ. ಬೆಳೆಯುವುದರಿಂದ ವ್ಯತ್ಯಾಸ ಒಂದೂವರೆ ಮಿ.ಮೀ.ಗೂ ಕಡಿಮೆ. ಡೈನೀಮಾ ಬಿಸಿಗೆ ಕುಗ್ಗುತ್ತದೆ, ಸುಮಾರು 2.4 ಮಿ.ಮೀ. ಅಲ್ಲಿಗೆ ವ್ಯತ್ಯಾಸ 7 ಮಿ.ಮೀ. ಮಧ್ಯಾಹ್ನದ ಬಿಸಿಲಲ್ಲಿ ಬಿಗಿಯಾಗಿದ್ದ ರಿಗ್ಗಿಂಗ್ ರಾತ್ರಿಯ ತಂಪಿನಲ್ಲಿ ಸಡಿಲ.

ತುದಿ ಕಟ್ಟುವುದು ಸ್ಪ್ಲೈಸ್‌ನಿಂದ. ಹಗ್ಗದ ತುದಿ ತನ್ನದೇ ಹೊಟ್ಟೆಯೊಳಗೆ ದಪ್ಪದ 72 ಪಟ್ಟು ಹೋಗಬೇಕು, 7 ಮಿ.ಮೀ.ಗೆ ಅರ್ಧ ಮೀಟರ್. ಕೊನೆಯ ಭಾಗದ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ ಮೊನಚಾಗಿಸದಿದ್ದರೆ ಒಳತುದಿ ಮುಗಿಯುವಲ್ಲಿ ಹಗ್ಗ ದುರ್ಬಲವಾಗುತ್ತದೆ. ಸಡಿಲವಾದಾಗ ಜಾರದಂತೆ ಸೂಜಿಯಲ್ಲಿ ಹೊಲಿಯಿರಿ. ಮಾಸ್ಟಿಗೆ ಏರಿಸುವ ಮೊದಲು ವಿಂಚ್‌ನಲ್ಲಿ ಚೆನ್ನಾಗಿ ಎಳೆದು ಸ್ಪ್ಲೈಸ್ ಕೂರಿಸಿ ಉದ್ದ ಅಳೆಯಿರಿ. ಇಲ್ಲದಿದ್ದರೆ ಮೊದಲ ಗಾಳಿಗೇ ಟರ್ನ್‌ಬಕಲ್‌ನ ಅವಕಾಶವೆಲ್ಲ ಮುಗಿದುಹೋಗುತ್ತದೆ.

ಇದರ ದೊಡ್ಡ ಶತ್ರು ಉಜ್ಜುವಿಕೆ. ವರ್ಷಗಟ್ಟಲೆ ಉಕ್ಕಿನ ತಂತಿ ಕೂತಿದ್ದ ಸ್ಪ್ರೆಡರ್ (ಮಾಸ್ಟಿನಿಂದ ಅಡ್ಡಕ್ಕೆ ಚಾಚಿದ ತೋಳು) ತುದಿಯ ತೋಡಿನಲ್ಲಿ ಲೋಹದ ಮುಳ್ಳುಗಳಿರುತ್ತವೆ. ಅದನ್ನು 400 ನಂಬರಿನ ಮರಳುಕಾಗದದಲ್ಲಿ ನುಣುಪು ಮಾಡದೆ ಹಗ್ಗ ಹಾಕಬಾರದು. ಮಾಸ್ಟನ್ನು ಮುಂದಕ್ಕೆ ಹಿಡಿಯುವ ಫೋರ್‌ಸ್ಟೇಗಂತೂ ಡೈನೀಮಾ ಬೇಡವೇ ಬೇಡ. ಹಾಯಿಯನ್ನು ಸಿಕ್ಕಿಸುವ ಹ್ಯಾಂಕ್ ಕೊಕ್ಕೆಗಳು ಅದನ್ನು ತೇಯುತ್ತವೆ, ಹಾಯಿ ಸುತ್ತಿಡುವ ರೋಲರ್ ಫರ್ಲರ್ ಇದ್ದರೆ ತೇಯುವುದು ಕಣ್ಣಿಗೇ ಬೀಳುವುದಿಲ್ಲ. ಮಾಸ್ಟನ್ನು ಹಿಂದಕ್ಕೆ ಹಿಡಿಯುವ ಬ್ಯಾಕ್‌ಸ್ಟೇ, ರನ್ನರ್‌ಗಳಿಗೆ ಮಾತ್ರ ಸಂತೋಷದಿಂದ ಹಾಕುತ್ತೇವೆ. ಉದ್ದದ ಬಿಡಿ ಹಗ್ಗವೊಂದನ್ನು ತುರ್ತಿಗೆ ಇಟ್ಟುಕೊಳ್ಳುವುದಂತೂ ಯಾವ ದೋಣಿಗೂ ಒಳ್ಳೆಯದು. ಕತ್ತರಿಸುವ ವಿಷಯದಲ್ಲೂ ಹಗ್ಗವೇ ಮೇಲು. 2018ರ ಸೆಪ್ಟೆಂಬರ್‌ನಲ್ಲಿ ಒಂಟಿಯಾಗಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿದ್ದ ಭಾರತದ ನಾವಿಕ ಅಭಿಲಾಷ್ ಟೋಮಿಯವರ ದೋಣಿ ತುರೀಯ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಉರುಳಿ ಮಾಸ್ಟ್ ಕಳೆದುಕೊಂಡಿತು. ಮುರಿದ ಮಾಸ್ಟ್ ತಂತಿಗಳಿಗೆ ನೇತಾಡುತ್ತ ದೋಣಿಯ ಮೈಗೆ ಬಡಿಯುವ ಇಂಥ ಹೊತ್ತಿನಲ್ಲಿ ಹಗ್ಗಕ್ಕೆ ಹಲ್ಲಿನ ಚಾಕು ಸಾಕು, ಉಕ್ಕಿಗೆ ಹೈಡ್ರಾಲಿಕ್ ಕಟರ್ ಬೇಕು ಅಥವಾ ಪಿನ್ ಹೊಡೆದು ತೆಗೆಯಬೇಕು.

ಎಳೆಗಳನ್ನು ಅದುಮಿ ಒತ್ತಾಗಿಸಿದ ಡೈಫಾರ್ಮ್ ತಂತಿ, ಇಡೀ ಲೋಹದ ಸರಳಾದ ರಾಡ್ ಇವೆರಡೂ ರೇಸ್ ದೋಣಿಗಳಿಗೆ, ಹಳೆಯ ಪ್ರವಾಸಿ ದೋಣಿಗೆ ದಂಡ. ಗ್ಯಾಲ್ವನೈಸ್ಡ್ 7×7 (ಏಳೇಳು ಎಳೆಯ ಏಳು ಹುರಿ) ತಂತಿಯನ್ನು ಮಾತ್ರ ತಾತ್ಸಾರ ಮಾಡಬೇಡಿ. ತುಕ್ಕನ್ನು ಹೊರಗೇ ತೋರಿಸಿ ಎಚ್ಚರಿಸುವ ಪ್ರಾಮಾಣಿಕ ಲೋಹ ಅದು, ವರ್ಷಕ್ಕೊಮ್ಮೆ ಎಣ್ಣೆ ಹಚ್ಚುವ ತಾಳ್ಮೆಯಿದ್ದರೆ ಸಾಕು.

ಯಾವುದನ್ನೇ ಹಾಕಿದರೂ ಚೈನ್‌ಪ್ಲೇಟ್ ಹೊರತೆಗೆದು ಡೆಕ್‌ನೊಳಗೆ ಹೂತಿದ್ದ ಭಾಗವನ್ನು ನೋಡಲೇಬೇಕು. ಮೇಲೂ ಕೆಳಗೂ ಥಳಥಳಿಸುವ ಪಟ್ಟಿ ನಡುವೆ ಗುಳಿಬಿದ್ದಿರುವುದು ಸಾಮಾನ್ಯ. ಮತ್ತೆ ಕೂರಿಸುವಾಗ ಬ್ಯುಟೈಲ್ ಟೇಪ್ ಬಳಸಿ. ಫೋರ್‌ಸ್ಟೇಯ ಎರಡೂ ತುದಿಗೆ ಟಾಗಲ್ ಎಂಬ ಕೀಲು ಇರಲಿ. ಹಾಯಿ ಅಡ್ಡಕ್ಕೆ ಎಳೆದಾಗ ಟರ್ಮಿನಲ್ ಬಾಗದಂತೆ ಕಾಯುವುದು ಅದೇ.

ಬಿಗಿ ಎಷ್ಟು? 1×19 ತಂತಿಗೆ ಗೇಜ್ ಬೇಡ. ತಂತಿ ಸಡಿಲವಿದ್ದಾಗ 2 ಮೀಟರ್ ಮಡಚುಕೋಲಿನ ಮೇಲ್ತುದಿಯನ್ನು ಅದಕ್ಕೆ ಟೇಪ್‌ನಲ್ಲಿ ಕಟ್ಟಿ, ಕೆಳತುದಿ ಎಲ್ಲಿಗೆ ಬರುತ್ತದೋ ಅಲ್ಲಿ ತಂತಿಯ ಮೇಲೆ ಗುರುತು ಹಾಕಿ. ಟರ್ನ್‌ಬಕಲ್ ತಿರುಗಿಸಿದಂತೆ ಗುರುತು ಕೋಲಿನಿಂದ ದೂರ ಸರಿಯುತ್ತದೆ. ಪ್ರತಿ 1 ಮಿ.ಮೀ.ಗೆ ಮುರಿಭಾರದ 5 ಶೇಕಡಾ. ಮಾಸ್ಟ್‌ಹೆಡ್ ರಿಗ್‌ನ (ಫೋರ್‌ಸ್ಟೇ ಮಾಸ್ಟಿನ ನೆತ್ತಿಗೇ ಹೋಗುವ ಬಗೆ) ಹೊರ ಶ್ರೌಡ್‌ಗಳಿಗೆ, ಅಂದರೆ ಮಾಸ್ಟನ್ನು ಬದಿಯಿಂದ ಹಿಡಿಯುವ ತಂತಿಗಳಿಗೆ, 3 ಮಿ.ಮೀ. ಸರಿ. ಎರಡೂ ಬದಿ ಅರ್ಧರ್ಧ ಸುತ್ತು ಸರದಿಯಲ್ಲಿ ಬಿಗಿ ಮಾಡಿ, ಥ್ರೆಡ್‌ಗೆ ಲ್ಯಾನೊಲಿನ್ ಹಚ್ಚಿ. ಮೊದಲ ಒಂದೆರಡು ಪಯಣದ ನಂತರ ಹೊಸ ತಂತಿ ಸ್ವಲ್ಪ ಸಡಿಲಾಗುತ್ತದೆ, ಮತ್ತೊಮ್ಮೆ ನೋಡಿ. ಕೊನೆಗೆ ಸ್ಪ್ಲಿಟ್ ಪಿನ್: ಅದರ ಉದ್ದ, ಟರ್ಮಿನಲ್ ಹಿಡಿದಿಡುವ ಕ್ಲೆವಿಸ್ ಪಿನ್ನಿನ ದಪ್ಪದ ಒಂದೂವರೆ ಪಟ್ಟು ಸಾಕು. ಕಾಲುಗಳನ್ನು ಒಂದೊಂದು ಬದಿಗೆ ಸುಮಾರು 20 ಡಿಗ್ರಿ ಅಗಲಿಸಿ. ಪೂರ್ತಿ ಹಿಂದಕ್ಕೆ ಮಡಚಿದರೆ ತುರ್ತಿನಲ್ಲಿ ಇಕ್ಕಳದಿಂದಲೂ ಹೊರಬರುವುದಿಲ್ಲ.