ಕರಾವಳಿಯ ಅಂಗಳಕ್ಕೆ ಯಾವ ಪೊದೆಗಿಡ? ಕೇಪಳ, ದಾಸವಾಳ, ನಂದಿಬಟ್ಟಲು, ಕಣಗಿಲೆ: ಒಂದು ಹೋಲಿಕೆ

ಕಾರವಾರದಿಂದ ಉಳ್ಳಾಲದವರೆಗೆ ಗಿಡವೊಂದರ ಯೋಗ್ಯತೆ ತಿಳಿಯುವುದು ವರ್ಷದ ಎರಡು ಹೊತ್ತಿನಲ್ಲಿ. ಒಂದು ಜುಲೈ, ಇನ್ನೊಂದು ಏಪ್ರಿಲ್. ವರ್ಷಕ್ಕೆ ಬೀಳುವ ಸುಮಾರು 3,500ರಿಂದ 4,000 ಮಿ.ಮೀ. ಮಳೆಯಲ್ಲಿ ಐದರಲ್ಲಿ ನಾಲ್ಕು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಡಿಸೆಂಬರ್ ದಾಟಿದ ಮೇಲೆ ಮೇ ತಿಂಗಳ ಆರಂಭದವರೆಗೆ ಹನಿ ಬಿದ್ದರೆ ಪುಣ್ಯ. ನಾಲ್ಕು ತಿಂಗಳು ಬುಡದಲ್ಲಿ ನೀರು, ಐದಾರು ತಿಂಗಳು ಒಣ ನೆಲ. ನರ್ಸರಿಯಲ್ಲಿ ಹೂ ಬಿಟ್ಟು ನಗುವ ಗಿಡಕ್ಕೆ ಇವೆರಡನ್ನೂ ತಾಳುವ ಬೇರು ಇದೆಯೇ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ಇಲ್ಲಿ ಹೋಲಿಸಿರುವುದು ನಾಲ್ಕರಿಂದ ಎಂಟು ಅಡಿ ಎತ್ತರದ ಗಿಡಗಳನ್ನು. ಕಿಟಕಿಯ ಕೆಳಗೆ, ಕಾಂಪೌಂಡ್ ಗೋಡೆಯ ಒಳಬದಿಗೆ, ಗೇಟಿನ ಎರಡು ಪಕ್ಕಕ್ಕೆ ಹೊಂದುವಂಥವು. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ, ಮಣ್ಣು ತುಂಬಿಸಿದ ಹಳೆಯ ಗದ್ದೆ, ಕಡಲ ಬದಿಯ ಮರಳು ಈ ಮೂರು ಕಡೆಯೂ ಪಕ್ಕಪಕ್ಕ ಬೆಳೆಸಿ ನೋಡಿದಾಗ ಒಂದೇ ಗಿಡ ಮೂರು ಬೇರೆ ಗಿಡಗಳಂತೆ ವರ್ತಿಸುತ್ತದೆ. ಹಾಗಾಗಿ ‘ಅತ್ಯುತ್ತಮ ಗಿಡ’ ಎಂಬುದು ಇಲ್ಲ. ನಿಮ್ಮ ಜಾಗಕ್ಕೆ ಒಗ್ಗುವ ಗಿಡ ಇದೆ.

ಮೊದಲು ನೆಲ

ಮುರಕಲ್ಲನ್ನು ತಗ್ಗಿಸಿ ಮಟ್ಟ ಮಾಡಿದ ಜಾಗದಲ್ಲಿ ಹೊಂಡ ತೋಡಿದರೆ ಅದು ಹೊಂಡವಲ್ಲ, ಸಣ್ಣ ಬಾವಿ. ಸುತ್ತಲಿನ ಕಲ್ಲು ನೀರನ್ನು ಬಿಟ್ಟುಕೊಡುವುದಿಲ್ಲ. ಎರಡಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಆಳದ ಹೊಂಡಕ್ಕೆ ಸಂಜೆ ನೀರು ತುಂಬಿಸಿ ಬಿಡಿ. ಬೆಳಿಗ್ಗೆಯೂ ನೀರು ನಿಂತಿದ್ದರೆ ಹಾರೆಯಿಂದ ತಳ ಒಡೆಯಬೇಕು, ಅಥವಾ ಇಳಿಜಾರಿನ ಕಡೆಗೆ ಒಂದು ಕಾಲುವೆ ಕೊಟ್ಟು ಗಿಡವನ್ನು ಒಂದಡಿ ಎತ್ತರದ ದಿಬ್ಬದ ಮೇಲೆ ನೆಡಬೇಕು. ಗದ್ದೆಗೆ ಮಣ್ಣು ತುಂಬಿಸಿ ಮಾಡಿದ ಸೈಟಿಗೆ ದಿಬ್ಬವೊಂದೇ ದಾರಿ. ಅಲ್ಲಿ ಕೆಳಗಿನ ಜೇಡಿಯನ್ನು ಎಷ್ಟು ಅಗೆದರೂ ನೀರು ಬಸಿಯುವುದಿಲ್ಲ.

ಇನ್ನೊಂದು ಅಪಾಯ ಗೋಡೆಯ ಬುಡದಲ್ಲಿದೆ. ಗಾರೆಯವರು ಬಾಂಡ್ಲಿ ತೊಳೆದ ನೀರು, ಉದುರಿದ ಪ್ಲಾಸ್ಟರ್, ಸಿಮೆಂಟ್ ಚೂರು ಎಲ್ಲವೂ ಅಲ್ಲೇ ಮಣ್ಣಡಿ ಸೇರಿರುತ್ತವೆ. ನಮ್ಮ ಮಣ್ಣು ಸಹಜವಾಗಿ ಹುಳಿ. ಸಿಮೆಂಟ್ ಅದನ್ನು ಕ್ಷಾರದ ಕಡೆಗೆ ಎಳೆಯುತ್ತದೆ. ಗೋಡೆಯಿಂದ ಮೂರಡಿ ಬಿಟ್ಟು ನೆಡಿ. ಅಷ್ಟು ಜಾಗವಿಲ್ಲದಿದ್ದರೆ ಒಂದೂವರೆ ಅಡಿ ಆಳದ ಮಣ್ಣನ್ನೇ ತೆಗೆದುಹಾಕಿ ಗುಡ್ಡೆಯ ಮೇಲ್ಮಣ್ಣು ತುಂಬಿಸಿ. ಹಂಚಿನ ಮನೆಯಾದರೆ ಸೂರಿನ ನೀರು ಬೀಳುವ ಗೆರೆಯನ್ನೂ ತಪ್ಪಿಸಿ. ಜೂನ್ ತಿಂಗಳ ಧಾರೆಗೆ ಬುಡದ ಮಣ್ಣು ಕೊಚ್ಚಿಹೋಗಿ ಬೇರು ಮೇಲೆ ಬಂದುಬಿಡುತ್ತದೆ.

ಕೇಪಳವೋ ದಾಸವಾಳವೋ

ಹೆಚ್ಚಿನ ಅಂಗಳಗಳಲ್ಲಿ ಸ್ಪರ್ಧೆ ಇವೆರಡರ ನಡುವೆಯೇ. ಎರಡೂ ಕೆಂಪು, ಎರಡೂ ದೇವರ ಬುಟ್ಟಿಗೆ ಬೇಕಾದವು, ಎರಡಕ್ಕೂ ಐದಾರು ಗಂಟೆ ಬಿಸಿಲು ಬೇಕು. ಸಾಮ್ಯ ಅಷ್ಟಕ್ಕೇ ನಿಲ್ಲುತ್ತದೆ.

ಕೇಪಳ ನಮ್ಮ ಗುಡ್ಡೆಯದೇ ಗಿಡ, ಕೆಲವರ ಬಾಯಲ್ಲಿ ಕಿಸ್ಕಾರ. ಮುರಕಲ್ಲಿನ ಸಂದಿಯಲ್ಲಿ ಯಾರೂ ನೀರು ಹಾಕದೆ ಬದುಕಿ ಅಭ್ಯಾಸವಿರುವುದರಿಂದ ಮಳೆಗೂ ಬರಕ್ಕೂ ಅಂಜುವುದಿಲ್ಲ. ಊರಿದ ಮೊದಲ ಎರಡು ಬೇಸಿಗೆ ವಾರಕ್ಕೆ ಎರಡು ಸಲ ಒಂದೊಂದು ಕೊಡ ನೀರು ಕೊಟ್ಟರೆ ಸಾಕು. ಆಮೇಲೆ ವಾರಕ್ಕೊಮ್ಮೆ ನೆನಪಾದರೂ ನಡೆಯುತ್ತದೆ. ಆದರೆ ಬೆಳವಣಿಗೆ ನಿಧಾನ. ಒಂದಡಿಯ ಸಸಿ ಎದೆಮಟ್ಟಕ್ಕೆ ಬರಲು ಮೂರ್ನಾಲ್ಕು ವರ್ಷ ಬೇಕು. ದಾಸವಾಳ ಅದೇ ಎತ್ತರವನ್ನು ಎರಡು ಮಳೆಗಾಲದಲ್ಲಿ ಮುಟ್ಟಿಬಿಡುತ್ತದೆ. ಬೇಗ ಮರೆ ಬೇಕೆನ್ನುವವರು ದಾಸವಾಳದ ಕಡೆ ವಾಲುವುದು ಇದಕ್ಕೇ.

ಕೇಪಳ ಹೆಚ್ಚಾಗಿ ಕೈಕೊಡುವುದು ಒಂದು ಕಾರಣಕ್ಕೆ: ಕ್ಷಾರ. ಗೋಡೆ ಬದಿಯ ಕೇಪಳದ ಚಿಗುರೆಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಗೊಬ್ಬರದ ಕೊರತೆಯಲ್ಲ. ಮಣ್ಣಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸಿಗುತ್ತಿಲ್ಲ. ಬಹಳ ಮಂದಿ ಇಲ್ಲಿ ಯೂರಿಯಾ ಹಾಕುತ್ತಾರೆ. ಎಲೆ ನಾಲ್ಕು ದಿನ ಹಸಿರಾದಂತೆ ಕಂಡು ಮತ್ತೆ ಹಳದಿ. ಮಾಡಬೇಕಾದ್ದು ಬೇರೆ: ಒಂದು ಲೀಟರ್ ನೀರಿಗೆ 3 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಅರ್ಧ ಲಿಂಬೆಹಣ್ಣಿನ ರಸ ಕಲಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಜೊತೆಗೆ ಬುಡದ ಸಿಮೆಂಟ್ ಚೂರು ತೆಗೆಯದಿದ್ದರೆ ಈ ಸಿಂಪಡಣೆ ಮುಗಿಯುವ ಕೆಲಸವಲ್ಲ. ಬಚ್ಚಲೊಲೆಯ ಬೂದಿಯನ್ನು ಕಂಡ ಗಿಡಕ್ಕೆಲ್ಲ ಸುರಿಯುವ ರೂಢಿಯೂ ಕೇಪಳಕ್ಕೆ ಆಗದು. ಅದೇ ಬೂದಿ ತಿಂಗಳಿಗೊಂದು ಹಿಡಿ ದಾಸವಾಳಕ್ಕೆ ಹಿತ.

ನರ್ಸರಿಯಲ್ಲಿ ‘ಇಕ್ಸೋರಾ’ ಎಂದು ಕೇಳಿದರೆ ಹೆಚ್ಚಾಗಿ ಸಿಗುವುದು ಚೀನಾ ತಳಿ ಅಥವಾ ಎರಡಡಿ ದಾಟದ ಮಿನಿ. ಚೀನಾ ತಳಿ ಗೊಂಚಲು ದೊಡ್ಡದು, ಕಿತ್ತಳೆ ಹಳದಿ ಬಣ್ಣಗಳೂ ಉಂಟು, ಬೇಗ ಹೂ ಬಿಡುತ್ತದೆ. ಆದರೆ ಏಪ್ರಿಲ್‌ನಲ್ಲಿ ಬಾವಿಯ ನೀರು ಸವಳಾಗುವ ಊರುಗಳಲ್ಲಿ ಇದರ ಎಲೆಯ ತುದಿ ಸುಟ್ಟಂತಾಗುತ್ತದೆ. ಊರಿನ ಕೇಪಳ ಅಷ್ಟು ಬೇಗ ಬಾಡುವುದಿಲ್ಲ. ಕಾಯಿಗೆ ಬುಲ್‌ಬುಲ್, ಹೂವಿಗೆ ಸೂರಕ್ಕಿ ಬರುವುದೂ ಊರಿನದಕ್ಕೇ ಹೆಚ್ಚು.

ಇನ್ನು ದಾಸವಾಳ. ಐದೆಸಳಿನ ನಾಟಿ ಕೆಂಪು ದಾಸವಾಳವನ್ನೂ ತಟ್ಟೆಯಗಲದ ಹೈಬ್ರಿಡ್ ದಾಸವಾಳವನ್ನೂ ಒಂದೇ ಲೆಕ್ಕಕ್ಕೆ ಹಿಡಿಯಬಾರದು. ಹೈಬ್ರಿಡ್ ಗಿಡಗಳು ಕುಂಡದಲ್ಲಿ, ಮಳೆ ತಾಗದ ಸಿಟೌಟಿನಂಚಿನಲ್ಲಿ ಚೆಂದ. ನೆಲಕ್ಕಿಳಿಸಿದರೆ ಜುಲೈಯಲ್ಲಿ ಒಂದೊಂದೇ ಕೊಂಬೆ ತುದಿಯಿಂದ ಕೆಳಗೆ ಒಣಗುತ್ತ ಬರುತ್ತದೆ, ಕೊನೆಗೆ ಬುಡದ ತೊಗಟೆ ಕೈಗೆ ಸುಲಿದು ಬರುತ್ತದೆ. ನೆಲಕ್ಕೆ ನಾಟಿಯದೇ ಸರಿ.

ನಾಟಿಗೂ ಕಾಟ ತಪ್ಪಿದ್ದಲ್ಲ. ಫೆಬ್ರವರಿಯಿಂದ ಮೇವರೆಗೆ ಚಿಗುರಿನ ತುದಿಯಲ್ಲಿ ಬಿಳಿ ಹಿಟ್ಟು ತಿಗಣೆ ಕೂರುತ್ತದೆ, ಎಲೆ ಮುರುಟುತ್ತದೆ, ಅದರ ಅಂಟಿಗೆ ಇರುವೆ ಬರುತ್ತದೆ, ಕಪ್ಪು ಮಸಿ ಹಿಡಿಯುತ್ತದೆ. ಮುತ್ತಿದ ತುದಿಯನ್ನು ಕತ್ತರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ, ಉಳಿದ ಗಿಡಕ್ಕೆ ಪೈಪಿನಿಂದ ಜೋರಾಗಿ ನೀರು ಹೊಡೆಯಿರಿ, ನಂತರ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಕಾಲು ಚಮಚ ಪಾತ್ರೆ ತೊಳೆಯುವ ಸೋಪು ಬೆರೆಸಿ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಮೊಗ್ಗು ಉದುರುತ್ತಿದ್ದರೆ ಔಷಧಿಗೆ ಓಡುವ ಮೊದಲು ಬಿದ್ದ ಮೊಗ್ಗೊಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಸಣ್ಣ ಹುಳುಗಳು ಅಲುಗಾಡುತ್ತಿದ್ದರೆ ಕೀಟದ ಕೆಲಸ, ಬಿದ್ದ ಮೊಗ್ಗನ್ನೆಲ್ಲ ದಿನವೂ ಆರಿಸಿ ಸುಡಬೇಕು. ಒಳಗೆ ಏನೂ ಇಲ್ಲದಿದ್ದರೆ ನೀರಿನ ಏರುಪೇರು. ಎರಡು ದಿನ ಮರೆತು ಮೂರನೇ ದಿನ ಎರಡು ಕೊಡ ಸುರಿಯುವ ಅಭ್ಯಾಸ ಬಿಡಬೇಕು.

ಮಳೆಗಾಲದಲ್ಲಿ ಆಫ್ರಿಕನ್ ಬಸವನಹುಳು ಬಂದ ಊರಾದರೆ ದಾಸವಾಳದ ಸಸಿ ರಾತ್ರಿ ಬೆಳಗಾಗುವುದರೊಳಗೆ ಕಡ್ಡಿಯಾಗಿರುತ್ತದೆ. ಒದ್ದೆ ಗೋಣಿಯ ಮೇಲೆ ಪಪ್ಪಾಯಿ ಎಲೆ ಹಾಕಿಟ್ಟು, ಅಡಿಯಲ್ಲಿ ಸೇರಿದವನ್ನು ಬೆಳಿಗ್ಗೆ ಕೈಗವಸು ಹಾಕಿ ಹೆಕ್ಕಿ ಉಪ್ಪುನೀರಿಗೆ ಹಾಕುವುದೇ ನಂಬಬಹುದಾದ ಉಪಾಯ. ಕೇಪಳದ ಗಟ್ಟಿ ಎಲೆಯನ್ನು ಅವು ಅಷ್ಟಾಗಿ ಮುಟ್ಟುವುದಿಲ್ಲ. ದನ, ಆಡು ಒಳಗೆ ಬರುವ ಅಂಗಳವಾದರೂ ಹೀಗೆಯೇ: ಮೊದಲು ಹೋಗುವುದು ದಾಸವಾಳ.

ದಿನವೂ ಪೂಜೆಗೆ ಹೂ ಬೇಕು, ಗಿಡದ ಹತ್ತಿರ ಹೋಗುವ ಅಭ್ಯಾಸವಿದೆ ಎಂದರೆ ದಾಸವಾಳ. ವಾರದ ಕೊನೆಗೆ ಮಾತ್ರ ತೋಟ ನೋಡುವ ಮನೆಗೆ ಕೇಪಳ. ಕೇಪಳದ ಗೊಂಚಲು ಗಿಡದಲ್ಲಿ ವಾರಗಟ್ಟಲೆ ನಿಲ್ಲುತ್ತದೆ, ದಾಸವಾಳ ಸಂಜೆಗೆ ಮುದುಡಿತು.

ನೆರಳಿಗೆ ನಂದಿಬಟ್ಟಲು

ತೆಂಗಿನ ಮರದ ಅಡಿ, ಮನೆಯ ಬಡಗು ಬದಿ, ಎರಡು ಗೋಡೆಗಳ ನಡುವೆ ಬಿಸಿಲು ಮೂರು ಗಂಟೆಯಷ್ಟೇ ಬೀಳುವ ಓಣಿ. ಇಂಥ ಕಡೆ ಕೇಪಳ ಬದುಕುತ್ತದೆ, ಹೂ ಬಿಡುವುದಿಲ್ಲ. ದಾಸವಾಳ ಬಿಸಿಲು ಹುಡುಕಿಕೊಂಡು ಸಣಕಲಾಗಿ ಬೆಳೆಯುತ್ತದೆ. ನಂದಿಬಟ್ಟಲು ಮಾತ್ರ ಕಡುಹಸಿರಾಗಿ ದುಂಡಗೆ ತುಂಬಿಕೊಳ್ಳುತ್ತದೆ. ಹೂ ಸ್ವಲ್ಪ ಕಡಿಮೆಯಾದರೂ ವರ್ಷವಿಡೀ ಇರುತ್ತದೆ.

ಒಂಟಿ ಎಸಳಿನದೋ ಸುತ್ತಿನದೋ ಎಂಬ ಪ್ರಶ್ನೆಗೆ ನಮ್ಮ ಮಳೆ ಉತ್ತರ ಕೊಡುತ್ತದೆ. ಸುತ್ತಿನ ಹೂವಿನ ಮಡಿಕೆಯಲ್ಲಿ ನೀರು ನಿಂತು ಕಂದಾಗಿ ಗಿಡದಲ್ಲೇ ಕೊಳೆಯುತ್ತದೆ. ಒಂಟಿ ಎಸಳಿನದು ಬಿಳಿಯಾಗಿಯೇ ಉದುರುತ್ತದೆ. ಅಂಗಳದ ತೆರೆದ ಜಾಗಕ್ಕೆ ಒಂಟಿ, ಸಜ್ಜಾದ ಕೆಳಗೆ ಬೇಕಾದರೆ ಸುತ್ತಿನದು.

ಒಂದು ದಿನ ಎದ್ದು ನೋಡಿದರೆ ಕೊಂಬೆಯ ಎಲೆಯೆಲ್ಲ ಮಾಯವಾಗಿರುವುದು ಈ ಗಿಡದ ವಿಶೇಷ. ಬುಡದಲ್ಲಿ ಕರಿಮೆಣಸಿನ ಗಾತ್ರದ ಹಿಕ್ಕೆ ಬಿದ್ದಿದ್ದರೆ ನೇರ ಮೇಲೆ ನೋಡಿ: ಬೆರಳು ದಪ್ಪದ ಹಸಿರು ಕಂಬಳಿಹುಳು, ತಲೆಯ ಹಿಂದೆ ನೀಲಿ ಬಿಳುಪಿನ ಎರಡು ಕಣ್ಣಿನಂಥ ಚುಕ್ಕೆ. ನಂದಿಬಟ್ಟಲು, ಕಣಗಿಲೆ ಎರಡನ್ನೂ ತಿನ್ನುವ ದೊಡ್ಡ ಪತಂಗದ ಮರಿ ಅದು. ಒಂದು ಗಿಡದಲ್ಲಿ ನಾಲ್ಕೈದು ಇದ್ದರೆ ಹೆಚ್ಚು. ಕೋಲಿನಿಂದ ಎತ್ತಿ ದೂರ ಹಾಕಿದರೆ ಆಯಿತು. ಇದಕ್ಕೆ ವಿಷ ಸಿಂಪಡಿಸುವುದು ದಂಡ, ಗಿಡ ಎರಡೇ ವಾರದಲ್ಲಿ ಮತ್ತೆ ಚಿಗುರುತ್ತದೆ. ಕತ್ತರಿಸುವಾಗ ಬರುವ ಹಾಲು ಬಟ್ಟೆಗೆ ತಾಗಿದರೆ ಕಲೆ ಹೋಗದು, ಕಣ್ಣಿಗಂತೂ ತಾಗಲೇಬಾರದು.

ಕಡಲ ಗಾಳಿಗೆ

ಮಲ್ಪೆ, ಗಂಗೊಳ್ಳಿ, ಸುರತ್ಕಲ್ ಕಡೆ ಅಲೆಯ ಸದ್ದು ಕೇಳುವಷ್ಟು ಹತ್ತಿರದ ಮನೆಗಳಿಗೆ ಮೇಲಿನ ಮೂರೂ ಪಡುವಣ ಬದಿಯಲ್ಲಿ ಸೋಲುತ್ತವೆ. ಜೂನ್‌ನ ಗಾಳಿ ಉಪ್ಪು ಹೊತ್ತು ಬಂದಾಗ ಗಾಳಿಯ ಕಡೆಯ ಎಲೆಗಳಷ್ಟೇ ಕಂದಾಗಿ, ಗಿಡ ಅರ್ಧ ಬೋಳಿಸಿದಂತೆ ಕಾಣುತ್ತದೆ. ಅಲ್ಲಿ ನಿಲ್ಲುವುದು ಕಣಗಿಲೆ ಮತ್ತು ಬೋಗನ್‌ವಿಲ್ಲಾ.

ಕಣಗಿಲೆಗೆ ಮರಳು, ಉಪ್ಪು, ಬಿಸಿಲು ಮೂರೂ ಸಮ್ಮತ. ಎಂಟಡಿ ಎತ್ತರದ ದಟ್ಟ ಮರೆ ಎರಡು ವರ್ಷದಲ್ಲಿ ಸಿದ್ಧ, ವಾರಕ್ಕೊಮ್ಮೆ ನೀರು ಸಾಕು. ಆದರೆ ಬೇರಿನಿಂದ ಹೂವಿನವರೆಗೆ ಗಿಡವಿಡೀ ವಿಷ, ಹೃದಯದ ಬಡಿತಕ್ಕೇ ಹೊಡೆತ ಕೊಡುವ ವಿಷ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದದಲ್ಲಿ ಈ ಹೂವನ್ನು ಬಳಸಬಾರದೆಂದು ನಿಲ್ಲಿಸಿದ್ದು ಇದಕ್ಕೇ. ಹಸಿ ಎಲೆ ಕಹಿಯೆಂದು ದನ ಮುಟ್ಟದು. ಕತ್ತರಿಸಿ ಹಾಕಿದ ಸೊಪ್ಪು ಹುಲ್ಲಿನೊಂದಿಗೆ ಒಣಗಿದರೆ ಗೊತ್ತಾಗದೆ ತಿಂದುಬಿಡುತ್ತದೆ. ಹಟ್ಟಿಯಿರುವ ಮನೆಗೆ, ಕಂಡದ್ದನ್ನು ಬಾಯಿಗಿಡುವ ವಯಸ್ಸಿನ ಮಕ್ಕಳಿರುವ ಮನೆಗೆ ಕಣಗಿಲೆ ಬೇಡ ಎಂಬುದು ನಮ್ಮ ಖಡಾಖಂಡಿತ ಅಭಿಪ್ರಾಯ. ಅಲ್ಲಿ ಬೋಗನ್‌ವಿಲ್ಲಾ ಇರಲಿ. ಅದರ ತೊಂದರೆ ಮುಳ್ಳು ಮತ್ತು ಮಳೆಗಾಲದ ಹುಚ್ಚು ಬೆಳವಣಿಗೆ. ನೀರು, ಗೊಬ್ಬರ ಹೆಚ್ಚಾದಷ್ಟೂ ಎಲೆಯೇ ಹೊರತು ಬಣ್ಣವಿಲ್ಲ. ಅಕ್ಟೋಬರ್‌ನಲ್ಲಿ ಕತ್ತರಿಸಿ, ಗಿಡ ಸ್ವಲ್ಪ ಬಾಡುವವರೆಗೆ ನೀರು ತಡೆದರೆ ಜನವರಿಯಿಂದ ಮೇವರೆಗೆ ತುಂಬಿ ನಿಲ್ಲುತ್ತದೆ.

ಉಳಿದವು ಬೇಗ ಹೇಳಿ ಮುಗಿಸಬಹುದು. ಕ್ರೋಟನ್‌ಗೆ ನೆರಳಲ್ಲಿ ಬಣ್ಣ ಮಾಸುತ್ತದೆ, ಉಪ್ಪುಗಾಳಿಗೆ ಎಲೆ ಉದುರುತ್ತದೆ. ಒಳನಾಡಿನ ಬಿಸಿಲಿಗೆ ಸರಿ. ಹಳದಿ ಡುರಂಟಾ ಬೇಲಿ ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಕತ್ತರಿ ಕೇಳುತ್ತದೆ. ಕಾಮಿನಿಯ ಪರಿಮಳಕ್ಕೆ ಸಾಟಿಯಿಲ್ಲ, ಆದರೆ ಲಿಂಬೆ, ಕರಿಬೇವಿಗೆ ಬರುವ ಚಿಗುರು ಹೀರುವ ಕೀಟವನ್ನು ಇದೂ ಸಾಕಿಕೊಳ್ಳುತ್ತದೆ. ಮನೆಯ ಲಿಂಬೆಗಿಡದ ಪಕ್ಕ ನೆಡಬೇಡಿ.

ನೆಡುವುದು, ಕತ್ತರಿಸುವುದು

ಆಂಧ್ರದ ನರ್ಸರಿಗಳ ಊರು ಕಡಿಯಂನಿಂದ ಬಂದ ಗಿಡಗಳ ಬೇರಿನ ಸುತ್ತ ಗೋದಾವರಿ ಬಯಲಿನ ಕರಿ ಜೇಡಿಯ ಮುದ್ದೆ ಇರುತ್ತದೆ. ನಮ್ಮ ಮಣ್ಣಿನಲ್ಲಿ ಹಾಗೇ ಊರಿದರೆ ಮಳೆಯಲ್ಲಿ ಆ ಮುದ್ದೆ ಕೆಸರು, ಬೇಸಿಗೆಯಲ್ಲಿ ಇಟ್ಟಿಗೆ. ಬೇರು ಹೊರಗೆ ಬರುವುದೇ ಇಲ್ಲ. ಬಕೆಟ್ ನೀರಲ್ಲಿ ಅರ್ಧ ಗಂಟೆ ಅದ್ದಿಟ್ಟು ಹೊರಗಿನ ಅರ್ಧದಷ್ಟು ಜೇಡಿಯನ್ನು ಬೆರಳಿನಿಂದ ಬಿಡಿಸಿ. ಪೂರ್ತಿ ತೆಗೆದರೆ ಸಣ್ಣ ಬೇರು ಹರಿದು ಗಿಡ ಬಾಡುತ್ತದೆ. ಹೊಂಡಕ್ಕೆ ಮೇಲ್ಮಣ್ಣಿನ ಜೊತೆ 5 ಕಿಲೋ ಹಳೆಯ ಹಟ್ಟಿಗೊಬ್ಬರ, 200 ಗ್ರಾಂ ಬೇವಿನ ಹಿಂಡಿ. ಹಸಿ ಸೆಗಣಿ ಬೇಡ, ಗೆದ್ದಲು ಬರುತ್ತದೆ. ಗಿಡದಿಂದ ಗಿಡಕ್ಕೆ ಬೇಲಿಯಾದರೆ ಎರಡೂವರೆ ಅಡಿ, ಬಿಡಿಯಾದರೆ ನಾಲ್ಕು. ನೆಡಲು ಒಳ್ಳೆಯ ಹೊತ್ತು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್: ಮಳೆಯ ಹೊಡೆತ ತಗ್ಗಿರುತ್ತದೆ, ಬೇರಿಗೆ ಬೇಸಿಗೆಗೆ ಮುಂಚೆ ಮೂರ್ನಾಲ್ಕು ತಿಂಗಳು ಸಿಗುತ್ತದೆ. ಜೂನ್ ಮೊದಲ ವಾರ ನೆಡುವ ರೂಢಿ ಮರಳು ನೆಲಕ್ಕೆ ಮಾತ್ರ ಸರಿ.

ದಾಸವಾಳ, ಕಣಗಿಲೆ ಹೊಸ ಚಿಗುರಲ್ಲಿ ಹೂ ಬಿಡುವಂಥವು, ಮಳೆ ನಿಂತ ಮೇಲೆ ಮೂರನೇ ಒಂದು ಭಾಗ ಕತ್ತರಿಸಿದಷ್ಟೂ ಒಳ್ಳೆಯದು. ಕೇಪಳ ಕೊಂಬೆಯ ತುದಿಯಲ್ಲೇ ಗೊಂಚಲು ಕಟ್ಟುತ್ತದೆ. ಬೇಲಿಕತ್ತರಿಯಿಂದ ತಿಂಗಳಿಗೊಮ್ಮೆ ಪೆಟ್ಟಿಗೆಯಂತೆ ಸವರಿದರೆ ಹೂವನ್ನೇ ಸವರಿದ ಹಾಗೆ. ಒಣಗಿದ ಗೊಂಚಲನ್ನು ಕೆಳಗಿನ ಎರಡೆಲೆ ಸಹಿತ ತೆಗೆಯಿರಿ, ಅಷ್ಟೇ. ಎಲ್ಲ ಗಿಡಕ್ಕೂ ನೆಲದಿಂದ ಒಂದಡಿಯವರೆಗಿನ ಕೊಂಬೆ ತೆಗೆದು ಬುಡ ಕಾಣುವಂತಿಡಿ. ತರಗೆಲೆ ತುಂಬಿದ ಪೊದೆಯ ಅಡಿ ಹಾವಿಗೆ ಇಷ್ಟ. ಬೇಸಿಗೆಯಲ್ಲಿ ಮುಚ್ಚಿಗೆ ಬೇಕಾದರೆ ತೆಂಗಿನ ಸಿಪ್ಪೆಯನ್ನು ಮಗುಚಿ, ಕಾಂಡದಿಂದ ಒಂದು ಗೇಣು ದೂರದಲ್ಲಿ ಸುತ್ತ ಇಡಿ, ಜೂನ್‌ಗೆ ಮುಂಚೆ ಎತ್ತಿಬಿಡಿ. ಕಣಗಿಲೆಯ ಕತ್ತರಿಸಿದ ಕಡ್ಡಿಯನ್ನು ಬಚ್ಚಲೊಲೆಗೆ ಹಾಕಬೇಡಿ, ಹೊಗೆಯೂ ವಿಷ. ಗುಂಡಿ ತೆಗೆದು ಹೂಳಿ.