24 ಗ್ರಾಂ, 28 ಗ್ರಾಂ, 9 ನಂಬರ್: ಕ್ಲೇ ಹೊಡೆಯೋರಿಗೆ ಯಾವ ತೋಟಾ ಹಗುರ, ಯಾವುದು ಲಾಭ

ಮೊದಲೇ ಹೇಳಿಬಿಡ್ತೀನ್ರಿ, ಟ್ರ್ಯಾಪ್ (ನಮ್ಮಿಂದ ದೂರ ಹಾರಿ ಹೋಗೋ ತಟ್ಟೆಯಂಥ ಗುರಿ, ಅಂದ್ರ ಕ್ಲೇ, ಹೊಡೆದು ಒಡೆಯೋ ಶೂಟಿಂಗ್ ಆಟ) ಪ್ರಾಕ್ಟೀಸಿಗೆ 12 ಬೋರ್ ಬಂದೂಕಿನಾಗ 24 ಗ್ರಾಂ, ಏಳೂವರೆ ನಂಬರ್ ಛರ್ರಾ (ಸೀಸದ ಸಣ್ಣ ಗುಂಡು) ಇರೋ ತೋಟಾನೇ (ಕಾರ್ಟ್ರಿಜ್) ನನ್ನ ಆಯ್ಕೆ. ಗ್ರಾಂ ಅಂದ್ರ ಒಂದು ತೋಟಾದಾಗಿನ ಛರ್ರಾದ ಒಟ್ಟು ತೂಕ, ನಂಬರ್ ಹೆಚ್ಚಾದಷ್ಟು ಛರ್ರಾ ಸಣ್ಣದು. ಕಲಬುರಗಿಯಿಂದ ಹುಮ್ನಾಬಾದ್, ಜಹೀರಾಬಾದ್ ಮ್ಯಾಲ ಹೈದ್ರಾಬಾದಿಗೆ ಹೋಗಿ ಗಚ್ಚಿಬೌಲಿ ಕಡೆ ರೇಂಜಿನಾಗ ಹೊಡೆಯೋ ನಮ್ಮಂಥವರಿಗೆ ಪೆಟ್ರೋಲ್ ಖರ್ಚೇ ಭಾಳ ಆಗ್ತದ, ಅದ್ಕೇ ಒಂದೊಂದು ತೋಟಾದ ಲೆಕ್ಕ ಹಾಕ್ಲೇಬೇಕು.

28 ಗ್ರಾಂದ್ದು ಹೊಡೆದಾಗ ಮೊದಮೊದಲು ಖುಷಿ ಅನಸ್ತದ, ಛರ್ರಾ ಜಾಸ್ತಿ ಅದಾವಲ್ಲ, ಧೈರ್ಯ ಬರ್ತದ. ಆದ್ರ ಎರಡನೇ ರೌಂಡ್ (ರೌಂಡಿಗೆ 25 ಕ್ಲೇ) ಮುಗಿಯೋದ್ರಾಗ ಭುಜ ಹೇಳ್ತದ ನೋಡ್ರಿ. ಒಂದೇ ವೇಗದಾಗ 24 ಗ್ರಾಂಗಿಂತ 28 ಗ್ರಾಂದ್ದರ ಒದೆತದ ಶಕ್ತಿ ಕಾಲುಭಾಗಕ್ಕಿಂತ ಜಾಸ್ತಿ ಇರ್ತದ. ಒದೆತ ಬರ್ತದಂತ ಮೈ ಮೊದಲೇ ಬಿಗಿ ಹಿಡಿತದ, ಟ್ರಿಗರ್ ಎಳೆಯೋ ಗಳಿಗ್ಯಾಗ ಕೆನ್ನೆ ಬಂದೂಕಿನ ಬಟ್ಟಿನಿಂದ (ಹಿಂದಿನ ಕಟ್ಟಿಗಿ ಭಾಗ) ಏಳ್ತದ, ಕ್ಲೇ ಮ್ಯಾಲಿಂದ ಹೊಡ್ತ ಹೋಗ್ತದ, ಗುರಿ ತಪ್ತು ಅಂತ ಬೈಕೋತೀವಿ, ಖರೇ ಕಾರಣ ತೋಟಾದಾಗ ಇರ್ತದ. ಬ್ಯಾಸಗ್ಯಾಗ ನಮ್ ಕಡೆ ಬಿಸಿಲಿಗೆ ಕಾರಿನ ಡಿಕ್ಕ್ಯಾಗ ಇಟ್ಟ ತೋಟಾದ ಮದ್ದು ಬಿಸಿಯಾಗಿ ಒತ್ತಡ ಇನ್ನೂ ಏರ್ತದ, ಒದೆತಾನೂ ಅಷ್ಟೇ. ನೆರಳಿನಾಗ ಇಡ್ರಿ, ದಯವಿಟ್ಟು.

ಸೀಸದ ಲೆಕ್ಕ ನೋಡಿದ್ರ, ಒಂದು ಕಿಲೋಕ್ಕ 24 ಗ್ರಾಂದ್ದು 41 ತೋಟಾ ಆಗ್ತಾವ, 28 ಗ್ರಾಂದ್ದು 35. ಹೊರದೇಶದಾಗ ಮನ್ಯಾಗ ಖಾಲಿ ತೋಟಾ ತುಂಬ್ಕೊಳ್ಳೋರು ಹಗುರ ಲೋಡಿಗೆ ಬೀಳೋದು ಇದ್ಕೇ. ನಮ್ಮಲ್ಲಿ ಲೈಸೆನ್ಸ್ ಇಲ್ದೆ ತೋಟಾ ತಯಾರಿಸೋದು 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ, ಆ ದಾರಿಗೆ ಹೋಗಬ್ಯಾಡ್ರಿ, ಫ್ಯಾಕ್ಟರಿ ತೋಟಾದಾಗೇ ಹಗುರಾದದ್ದು ಆರಿಸ್ಕೊಳ್ರಿ.

ಹಗುರ ಅಂದ್ರ ಕಮ್ಮಿ ಅಂತಲ್ಲ. ಒಲಿಂಪಿಕ್ ಟ್ರ್ಯಾಪ್ ಹೊಡೆಯೋದೇ 24 ಗ್ರಾಂ ಒಳಗ. ಏಳೂವರೆ ನಂಬರಿನ ಛರ್ರಾ ಸುಮಾರು 2.4 ಮಿಲಿಮೀಟರ್, 24 ಗ್ರಾಂ ಒಳಗ ಮುನ್ನೂರರ ಹತ್ರ ಇರ್ತಾವ. ದೊಡ್ಡ ಹಾಳಿ ಮ್ಯಾಲ 75 ಸೆಂಟಿಮೀಟರ್ ಅಗಲದ ಸುತ್ತು ಬರೆದು, 36 ಮೀಟರ್ ದೂರದಿಂದ ಎರಡೂ ಹೊಡೆದು ತೂತು ಎಣಿಸಿದೆ. 28ರಾಗ ತೂತು ಒತ್ತೊತ್ತಾಗಿ ಬಿದ್ದಿದ್ವು, ಸುಳ್ಳು ಹೇಳಲ್ಲ, ಆದ್ರ ಫುಲ್ ಚೋಕಿನಾಗ (ಛರ್ರಾ ಭಾಳ ಚದುರದಂಗ ನಳಿಗಿ ಬಾಯಿ ಬಿಗಿ ಇರೋದು) 24ರ ಹಾಳ್ಯಾಗೂ ಕ್ಲೇ ನುಸುಳಿ ಹೋಗೋವಷ್ಟು ಖಾಲಿ ಜಾಗ ಎಲ್ಲೂ ಕಾಣಲಿಲ್ಲ. ಕ್ಲೇ 110 ಮಿಲಿಮೀಟರ್ ಅಗಲ ಇರ್ತದ, ಅದನ್ನೇ ಹಾಳಿ ಮ್ಯಾಲ ಇಟ್ಟು ಸರಿಸಿ ಸರಿಸಿ ನೋಡಿದೆ.

ಇನ್ನು 9 ನಂಬರ್. ಸಾಸಿವೆ ಕಾಳಿನಂಥ ಸಣ್ಣ ಛರ್ರಾ, 2 ಮಿಲಿಮೀಟರ್, ಅದೇ 24 ಗ್ರಾಂ ಒಳಗ ಐನೂರರ ಹತ್ರ ಕೂಡ್ತಾವ. ಇಷ್ಟೊಂದು ಛರ್ರಾ ಅಂದ್ರ ಟ್ರ್ಯಾಪಿಗೂ ನಡೀತದ ಅಂತ ಹೊಸಬರು ತಿಳ್ಕೋತಾರ, ನಡೆಯಲ್ಲ. ದೂರ ಹೋದ ಕ್ಲೇಗೆ ತಾಗ್ತದ, ಧೂಳು ಏಳ್ತದ, ಕ್ಲೇ ಮಾತ್ರ ಇಡಿಯಾಗೇ ಹೋಗ್ತದ, ಮತ್ತ ರೂಲ್ ಪ್ರಕಾರ ಬರೇ ಧೂಳು ಎದ್ರ ಪಾಯಿಂಟ್ ಇಲ್ಲ, ಕಣ್ಣಿಗೆ ಕಾಣೋ ಒಂದು ಚೂರಾದ್ರೂ ಬೀಳಬೇಕು. ಸ್ಕೀಟಿಗಂತೂ (ಎರಡು ಕಡೆಯಿಂದ ಅಡ್ಡ ಹಾರೋ ಕ್ಲೇ ಹೊಡೆಯೋ ಆಟ) ಇದೇ ರಾಜಾ, ಅಲ್ಲಿ ಹೊಡ್ತ ಹತ್ರದ್ದು, ಚೋಕ್ ಬಿಡುವಾಗಿರ್ತದ.

ರೊಕ್ಕದ ವಿಷಯಕ್ಕ ಒಂದು ಮಾತು, ಡಬ್ಬಿಗೆ 25 ಅಂತ ರೌಂಡಿಗೆ ಒಂದೇ ಡಬ್ಬಿ ಸಾಕು ಅನ್ಕೋಬ್ಯಾಡ್ರಿ. ಟ್ರ್ಯಾಪಿನಾಗ ತಪ್ಪಿದ್ರ ಎರಡನೇ ನಳಿಗಿ ಹೊಡೀಬಹುದು, ಕಲಿಯೋರಿಗೆ ಅಲ್ಲೇ ತೋಟಾ ಖಾಲಿ ಆಗ್ತಾವ. ಕೆಲವರು ಮೊದಲ ಹೊಡ್ತಕ್ಕ 24, ಎರಡನೇದಕ್ಕ 28 ಹಾಕ್ತಾರ, ನಾನೂ ಹಾಕಿ ನೋಡಿದೆ, ಎರಡು ಥರ ಒದೆತಕ್ಕ ಭುಜ ಹೊಂದೋದೇ ಇಲ್ಲ. ಎರಡೂ ನಳಿಗಿಗೆ ಒಂದೇ ಬ್ರ್ಯಾಂಡ್, ಒಂದೇ 24 ಗ್ರಾಂ ಹಾಕ್ರಿ, ಆದಷ್ಟು ಒಂದೇ ಲಾಟ್ ನಂಬರಿನ ಡಬ್ಬಿ ಕೇಳಿ ತಗೊಳ್ರಿ.